ನೂರಿಪ್ಪತ್ತು ಓಮ್

ಮದ್ದೂರಿನಾಚೆ ಸಕ್ಕರೆ ಕಾರ್ಖಾನೆ, ಕಬ್ಬು ಅರೆಯುವ ಹಂಗಾಮು,
ರಾತ್ರಿಪಾಳಿ, ಎರಡು ಗಂಟೆ ಹತ್ತು.
ಗೇಟಿನಿಂದ ಶಿಂಷೆಯ ಸೇತುವೆವರೆಗೂ ಟ್ರ್ಯಾಕ್ಟರು,
ಟ್ರೇಲರಿನಡಿ ಕಂಬಳಿ ಹೊದ್ದ ಚಾಲಕರು.
ಒಳಗೆ, ಬೀರುವಿನಷ್ಟೆತ್ತರದ ಬೂದು ಪೆಟ್ಟಿಗೆಯಲ್ಲಿ
ಪಿಎಲ್‌ಸಿ ಹಾಜರಿ ಕೂಗುತ್ತಿದೆ.

ಒಂದು? ಇದ್ದೀನಿ.
ಎರಡು? ಇದ್ದೀನಿ, ರಸದ ಬಿಸಿ ಎಪ್ಪತ್ತೊಂದು.
ಮೂರು? ಇದ್ದೀನಿ, ಪಂಪು ತಿರುಗ್ತಿದೆ.
ಎರಡೇ ಎರಡು ತಂತಿ, ಹೆಣೆದ ಜಡೆ,
ಅದರ ಮೇಲೆ ಒಮ್ಮೆಗೆ ಒಬ್ಬರೇ ಮಾತಾಡಬೇಕು,
ಕರೆಯದೆ ಯಾರೂ ಬಾಯಿ ಬಿಡುವಂತಿಲ್ಲ.
ಹೆಸರಿಲ್ಲ, ಬರೀ ನಂಬರು. ಪ್ರತಿ ಮಾತಿನ ಬಾಲಕ್ಕೂ
ಲೆಕ್ಕದ ಗಂಟು: ಬಿಚ್ಚಿ ಎಣಿಸಿ ತಾಳೆಯಾದರೆ ಮಾತು,
ಇಲ್ಲದಿದ್ದರೆ ಕಸ.

ಹನ್ನೊಂದು?
ಹನ್ನೊಂದು?
ಹನ್ನೊಂದು?
ಮೂರು ಸಲ ಕರೆದು, ಪರದೆಗೆ ಕೆಂಪು ಹಚ್ಚಿ
ಹನ್ನೆರಡಕ್ಕೆ ಹೋಯಿತು. ಅದಕ್ಕೆ ಗಾಬರಿಯಿಲ್ಲ. ನಮಗುಂಟು:
ಹನ್ನೊಂದೆಂದರೆ ಸುಣ್ಣದ ಹಾಲಿನ ವಾಲ್ವು,
ಅದು ಕೈಕೊಟ್ಟರೆ ರಸ ಹುಳಿ, ಸಕ್ಕರೆ ಕಂದು,
ಬೆಳಿಗ್ಗೆ ಕೆಮಿಸ್ಟರ ಮುಖ.

ಅನ್ಸರ್ ಪಾಷ ಏಣಿ ಹೊತ್ತ. ನಾನು ಟಾರ್ಚು, ಮೀಟರು.
ಇಲಿ ಕಡಿದಿರಬೇಕು ಅಂದ. ಇಲ್ಲಿ ಯಾವ ತಪ್ಪಾದರೂ
ಮೊದಲು ಇಲಿಯ ತಲೆಗೇ.
ಇನ್ನೂರೆಪ್ಪತ್ತು ಮೀಟರು ನಡೆದೆವು, ಮೇಲೆ ಬೂದಿ,
ಕೆಳಗೆ ಕಾಕಂಬಿಯ ಘಾಟು. ತಂತಿ ಎಲ್ಲೂ ಕಡಿದಿಲ್ಲ.

ಸುಣ್ಣದ ಮನೆಯಲ್ಲಿ ಚಿಕ್ಕಬೋರಯ್ಯ
ವಾಲ್ವಿನ ಚಕ್ರ ಹಿಡಿದು ನಿಂತಿದ್ದ,
ಒಂದು ಕೈಯಲ್ಲಿ ಬಣ್ಣ ತಿರುಗುವ ಕಾಗದ.
“ಆಗ್ಲಿಂದ ಕೂಗ್ತಾ ಇವ್ನಿ, ಯಾರ್ಗೂ ಕೇಳ್ನಿಲ್ಲ ಕಣವ್ವ ಪ್ರೇಮ.
ನಿಮ್ ಪೆಟ್ಗೆ ಮಕಾಡೆ ಮಲಿಕೊಂಡ್ತಾ?
ಬುಡು, ನಾನಿವ್ನಲ್ಲ.”

ಕೈಪಿಡಿ ಹೇಳುತ್ತದೆ: ಕೇಳುವವ ಒಡೆಯ, ಉತ್ತರಿಸುವವ ಗುಲಾಮ.
ಡಿಪ್ಲೊಮಾದಲ್ಲಿ ಅದನ್ನೇ ಬಾಯಿಪಾಠ ಮಾಡಿ
ಹತ್ತಕ್ಕೆ ಎಂಟಂಕ ತೆಗೆದಿದ್ದೆ.
ನನ್ನ ಅಜ್ಜಿ ಇನ್ನೂರು ರೂಪಾಯಿಗೆ ಏಳು ವರ್ಷ ಜೀತವಿದ್ದು
ಯಾರದೋ ಕೊಟ್ಟಿಗೆಯ ಸಗಣಿ ಬಾಚಿದವಳು,
ಕರೆದಾಗ ಮಾತ್ರ “ಬುದ್ಧೀ” ಅಂದವಳು.
ಕೆಲಸಕ್ಕೆ ಸೇರಿದ ವಾರವೇ ಆ ಪುಟಕ್ಕೆ ಬಿಳಿ ಪಟ್ಟಿ ಅಂಟಿಸಿ
ಬರೆದೆ: ಕೇಳುವವರು, ಹೇಳುವವರು.
ಯಂತ್ರಗಳು ಎಂದಿನಂತೆಯೇ ಓಡಿದವು.

ಸಿಕ್ಕಿದ್ದು ಕೊನೆಯಲ್ಲಿ.
ಹನ್ನೊಂದು ನಂಬರಿನಲ್ಲಿ ನಡುವೆ, ತಂತಿಯಲ್ಲಿ ಕಟ್ಟಕಡೆ.
ಹೋದ ವಾರ ಗೋಡೆಗೆ ಬಣ್ಣ ಬಳಿದವರು ಮುಚ್ಚಳ ಬಿಚ್ಚಿದ್ದರು;
ತಂತಿ ಮುಗಿಯುವಲ್ಲಿ ಇರಬೇಕಾದ ರೆಸಿಸ್ಟರು
ಜೋಳದ ಕಾಳಿನಷ್ಟು, ನೆಲದಲ್ಲಿ, ಸುಣ್ಣ ಮೆತ್ತಿಕೊಂಡು.

ಅದಿಲ್ಲದಿದ್ದರೆ ಮಾತು ಕೊನೆ ಮುಟ್ಟಿ,
ಹೀರುವವರಿಲ್ಲದೆ, ತಿರುಗಿ ಬರುತ್ತದೆ,
ಬಾವಿಗೆ ಬಗ್ಗಿ ಕೂಗಿದ ಹುಡುಗನ ದನಿ ಹಾಗೆ,
ಹಿಂದೆಯೇ ಬರುವ ಮಾತಿಗೆ ಡಿಕ್ಕಿ ಹೊಡೆದು
ಲೆಕ್ಕದ ಗಂಟು ಕೆಡಿಸುತ್ತದೆ.
ಹನ್ನೊಂದಕ್ಕೆ ಮೂಗತನವಿರಲಿಲ್ಲ.
ಕರೆದಾಗಲೆಲ್ಲ ಓಗೊಟ್ಟಿತ್ತು.

“ಏನವ್ವ ಅದು?”
“ನೂರಿಪ್ಪತ್ತು ಓಮ್, ಬೋರಣ್ಣ.”
“ನೂರೆಂಟು ಸಾಲ್ದಾ?”
ಅನ್ಸರ್ ಏಣಿಯ ಮೇಲೇ ನಕ್ಕು ಸ್ಕ್ರೂ ಜಾರಿಸಿದ;
ನಾನು ಟಾರ್ಚು ಕಚ್ಚಿಕೊಂಡು ಮಂಡಿಯೂರಿ ಹುಡುಕಿದೆ.

ಬಿಗಿದ. ಬಂದ ಮಾತನ್ನೆಲ್ಲ ಕೇಳಿ,
ಯಾವುದಕ್ಕೂ ಮಾರುತ್ತರ ಕೊಡದೆ,
ತುಸುವೇ ಬಿಸಿಯಾಗಿ ಸುಮ್ಮನಿರುವುದು ಆ ಕಾಳಿನ ಕೆಲಸ.

ಹನ್ನೊಂದು?
ಇದ್ದೀನಿ. ನೂರಕ್ಕೆ ಮೂವತ್ನಾಲ್ಕು ತೆರೆದಿದ್ದೀನಿ.

ಚಿಕ್ಕಬೋರಯ್ಯ ತಕ್ಷಣ ಕೈ ತೆಗೆಯಲಿಲ್ಲ.
ಚಕ್ರ ತಾನಾಗಿ ಅಲುಗಿದ್ದು ಅಂಗೈಗೆ ತಿಳಿದ ಮೇಲೆ
ಬಿಟ್ಟ. ಎಲೆ ತೆಗೆದು ಸುಣ್ಣ ಸವರಿದ, ತನ್ನ ಡಬ್ಬಿಯದು.

ಪಾಳಿಯ ಪುಸ್ತಕದಲ್ಲಿ ಬರೆದೆ: ೨.೪೭, ಹನ್ನೊಂದು ಸರಿ.
ಮೂವತ್ತೇಳು ನಿಮಿಷ ಚಿಕ್ಕಬೋರಯ್ಯ ಎಂದು ಬರೆಯಲು
ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆದೆ.
‘ಕಾರಣ’ ಎಂಬಲ್ಲಿ: ಕೊನೆಯಲ್ಲಿ ಕೇಳಿಸಿಕೊಳ್ಳುವವರಿರಲಿಲ್ಲ.

ಬೆಳಿಗ್ಗೆ ಎಂಜಿನಿಯರು ಅದಕ್ಕೆ ಅಡ್ಡಗೆರೆ ಎಳೆದು
ಮೇಲೆ ಬರೆದಿದ್ದರು: ಇಲಿ.